ರಿಜೆಕ್ಟ್ ಪ್ಯಾಂಟಿನ ಎಡಗಾಲು

ಅರ್ಜಿ ಬರೆಯಲು ಕೂತರೆ
ಕೌಲ್ ಬಜಾರಿನ ನಮ್ಮ ಕೈಯಲ್ಲಿ ಪೆನ್ನು ಜಾರುತ್ತದೆ.
ಸೂಜಿ ಜಾರುವುದಿಲ್ಲ.

ಅದಕ್ಕೇ ಮೂವತ್ತೆರಡು ಸೈಜಿನ ರಿಜೆಕ್ಟ್ ಪ್ಯಾಂಟಿನ
ಎಡಗಾಲು ಬಿಚ್ಚಿ ಹರವಿದೆವು,
ಊಟದ ಬಿಡುವಿನಲ್ಲಿ, ಶೇಂಗಾ ಚಟ್ನಿಯ ಕೈ ಒರೆಸಿಕೊಂಡು.
ಇದು ಬಳ್ಳಾರಿ.
ಉಜ್ಜುಕಾಗದ ತಿಕ್ಕಿ ಬಿಳಿಚಿಸಿದ ಮೊಣಕಾಲೇ
ಕೋಟೆ ಗುಡ್ಡ.
"ಗುಡ್ಡ ಒಂದು ಗೊತ್ತಾದ್ರೆ ಸಾಕು,
ಉಳಿದ ಊರು ತಾನೇ ಸಿಗ್ತೈತೆ" ಅಂದಳು
ಓವರ್‌ಲಾಕ್ ಮಷೀನಿನ ಉರುಕುಂದಮ್ಮ.

ಕಿತ್ತಳೆ ದಾರದಲ್ಲಿ ಹೊರಟೆವು.
ಮುಂಡರಗಿಯಿಂದ ಮಾಬುನ್ನಿ:
ಅವಳು ನಡೆಯುವ ಎರಡು ಕಿಲೋಮೀಟರಿಗೆ ಎರಡು ಬೆರಳು,
ಆಮೇಲೆ ಮೋತಿ ಸರ್ಕಲ್‌ವರೆಗೆ ಗಾದಿಲಿಂಗನ ಆಟೋ.
ಮೂವರ ಸೀಟು, ಒಂಬತ್ತು ಜನ,
ಹತ್ತನೆಯವಳ ಟಿಫನ್ ಬಾಕ್ಸು ಮಾತ್ರ ಒಳಗೆ.
"ಟಿಕೆಟ್ಟು ಜೀರೋ ಮಾಡ್ಯಾರ, ಖರೆ.
ನಮ್ ಕಡೆ ಬಸ್ಸೂ ಜೀರೋ" ಅನ್ನುತ್ತ
ದಾರ ಕಡಿದಳು ಹಲ್ಲಲ್ಲಿ.

ನಾನು ಬರುವುದು ಸುಧಾ ಕ್ರಾಸ್ ಕಡೆಯಿಂದ.
ಅಲ್ಲಿ ದಾರ ನಿಲ್ಲಲೇಬೇಕು. ಗೇಟು.
ಆ ಗೇಟಿನ ಮುಂದೆ
ಒಂದು ಕಟ್ಟು ಮೆಂತ್ಯ ಸೋಸಿದ್ದೇನೆ,
ನಾದಿನಿಯ ಜೊತೆ ಒಂದು ಜಗಳ ಮುಗಿಸಿದ್ದೇನೆ,
ಮಗಳಿಗೆ ಹನ್ನೆರಡರ ಮಗ್ಗಿ ಬಾಯಿಪಾಠ ಮಾಡಿಸಿದ್ದೇನೆ.
ಅದಿರಿನ ಗೂಡ್ಸು ಹೋಗುತ್ತದೆ, ಐವತ್ತೆಂಟು ಡಬ್ಬಿ,
ಎಣಿಸಿದ್ದೇನೆ.
ಕೆಂಪು ಮಣ್ಣಿಗೆ ಸಮುದ್ರದವರೆಗೆ ಹಳಿ ಇದೆ.

ವಿಮ್ಸ್ ಆಸ್ಪತ್ರೆಗೆ ಒಂದು ತಾಮ್ರದ ರಿವೆಟ್ ಹೊಡೆದೆವು:
ಇಸ್ತ್ರಿಯ ಎರ್ರಿಸ್ವಾಮಿ ವಾರಕ್ಕೆರಡು ಸಲ
ರಕ್ತ ತೊಳೆಸಿಕೊಳ್ಳಲು ಮೂರು ಗಾಡಿ ಹತ್ತಿ ಇಳಿಯುವ ಜಾಗ.
ರಾತ್ರಿ ಒಂಬತ್ತರ ಶಿಫ್ಟಿಗೆ ಕರಿ ದಾರ.
ನೀಲಿಯ ಮೇಲೆ ಕಾಣಲಿಲ್ಲ.
ಇರಲಿ, ಬೆರಳಾಡಿಸಿದರೆ ಸಿಗುತ್ತದೆ ಅಂದುಕೊಂಡೆವು.

ಡಿಪೋದ ಸಾಹೇಬರು ಮೂಸಿ ನೋಡಿದರು ಮೊದಲು, ಬಣ್ಣದ ವಾಸನೆಗೆ.
"ಸ್ಕೇಲ್ ಎಲ್ಲಿದೆ ಇದಕ್ಕೆ?"
ಅರ್ಧ ಬೆರಳು ಒಂದು ಕಿಲೋಮೀಟರು ಸಾರ್,
ಮಾಬುನ್ನಿಯ ಬೆರಳು ಅಲ್ಲ, ನನ್ನದು.
ಮಾಬುನ್ನಿಯದಕ್ಕೆ ಪೂರಾ ಒಂದು.

ಆಮೇಲೆ ಯಾಕೋ ಬಟ್ಟೆಯನ್ನು ಮಗುಚಿದರು.
ಹಿಂಬದಿಯಲ್ಲಿ ನಮ್ಮ ಗಂಟುಗಳು;
ಮುಂಡರಗಿಯಿಂದ ಆಸ್ಪತ್ರೆಗೆ,
ಆಸ್ಪತ್ರೆಯಿಂದ ಫ್ಯಾಕ್ಟರಿಗೆ
ಗುಡ್ಡ ಗೇಟು ಯಾವುದನ್ನೂ ಕೇಳದೆ
ನೆಟ್ಟಗೆ ಜಿಗಿದ ದಾರ.
"ಇದು ಯಾವ ರೋಡು?"
"ಅದನ್ನ ನೀವಿನ್ನೂ ಹಾಕಿಲ್ಲ ಸಾರ್,"
ಅಂದಳು ಉರುಕುಂದಮ್ಮ.

ನಗಲಿಲ್ಲ ಅವರು. ಗುಡ್ಡದ ಮೇಲೆ ಸೀಲು ಒತ್ತಿದರು,
ನೇರಳೆ ಬಣ್ಣ: ಸ್ವೀಕರಿಸಲಾಗಿದೆ.

ಶ್ರಾವಣ ಕಳೆಯಿತು, ದೀಪಾವಳಿ ಕಳೆಯಿತು.
ಹೋದ ಸೋಮವಾರದಿಂದ ಒಂದು ಬಸ್ಸು,
ಬೆಳಗ್ಗೆ ಎಂಟೂಕಾಲಕ್ಕೆ ಮುಂಡರಗಿಯಿಂದ.
ಮಾಬುನ್ನಿ ಕಿಟಕಿ ಸೀಟಿನ ಫೋಟೋ ತೋರಿಸಿದಳು
ಎಲ್ಲರಿಗೂ, ಎರಡೆರಡು ಸಲ.
ರಾತ್ರಿಗೆ ಏನೂ ಇಲ್ಲ.
ಬೆರಳಾಡಿಸಿ ನೋಡಿರಲಿಕ್ಕಿಲ್ಲ ಅವರು.

ಬಲಗಾಲು ಬಿಚ್ಚಿದ್ದೇವೆ ಈಗ.
ಬಿಳಿ ದಾರ.