ಗುರುಬಲ

“ಆಷಾಢ ಕಳೀಲಿ, ಹುಡುಗಿಗೆ ಗುರುಬಲ ಬಂದದ”
ಪಂಚಾಂಗ ಮಡಿಚಿದರು ಕಲ್ಲಯ್ಯ ಶಾಸ್ತ್ರಿ.
ಅದೇ ವಾರ ಗುರುವಿನ ಮೇಲೇ ಕಲ್ಲು ಬಿತ್ತು,
ಒಂದಲ್ಲ, ಇಪ್ಪತ್ತೊಂದು, ಸಾಲುಗಟ್ಟಿ.

ಮೈಂದರ್ಗಿ ಶಾಲೆಯ ಮಾಳಿಗೆ.
ಬಿರಾಜದಾರ ಮಾಸ್ತರರ ದುರ್ಬೀನು.
ಮೋಡ ಸರಿದಷ್ಟು ಹೊತ್ತು
ಅಕ್ಕ ಒಂದು ಕಣ್ಣು ಮುಚ್ಚಿ ನಿಂತಳು.
ಕೆನೆಬಣ್ಣದ ಅಂಚಿನಲ್ಲಿ ಕಪ್ಪು ಮಚ್ಚೆ,
ಒಲೆಯ ಕಿಡಿ ಹಾರಿದ ಸೆರಗಿನ ಹಾಗೆ.

“ಎಷ್ಟ್ ದೊಡ್ಡದರೀ?”
“ನಾವು ನಿಂತ ಭೂಮಿ ಮುಳುಗೂವಷ್ಟು.”
“ಸಪ್ಪಳ?”
“ಇಲ್ಲೀತನಕ ಬರೂದಿಲ್ಲವಾ.
ಅಲ್ಲಿ ನೆಲಾನೇ ಇಲ್ಲ. ಬಿದ್ದದ್ದು
ಮೋಡದಾಗೇ ಸುಟ್ಟು ಮಸಿ ಆಗ್ತದ.
ಒರಸಾಕ ಗಾಳಿಗೆ ತಿಂಗಳುಗಟ್ಟಲೆ ಬೇಕು.”

ಶ್ರಾವಣದಲ್ಲಿ ದುಧನಿಯ ಗಂಡು ಬಂದ.
ಚಹಾದ ಬಟ್ಟಲು ಚಾಚುತ್ತಲೇ ಅಕ್ಕ:
“ಗುರುವಿನ ಮಸಿ ನೋಡೀರೇನು?”
ಅಪ್ಪ ಕೆಮ್ಮಿದ.
ಅವನು ನೆಲ ನೋಡುತ್ತ,
“ನಾಕು ರಾತ್ರಿ ಕಾದೆ,” ಅಂದ,
“ನಮ್ಮೂರಾಗ ಮೋಡ ಸರೀಲಿಲ್ಲ.”