ಎಂಟನೇ ಮಂಚ, ಮೇಲಿನದು

ಹ್ವೇ ಪಟ್ಟಣದ ಕೋಟೆಗೋಡೆಯ ಹೊರಗೆ
ಎರಡು ಸ್ಕೂಟರು ಎದುರಾದರೆ
ಒಂದು ಹಿಂದೆ ಸರಿಯಬೇಕಾದ ಓಣಿಯಲ್ಲಿ
ನಮ್ಮ ಹಾಸ್ಟೆಲು.
ರಾತ್ರಿಗೆ ಒಂದೂವರೆ ಲಕ್ಷ ಡಾಂಗ್.
ಲಕ್ಷವೆಂದರೆ ಹೌಹಾರುತ್ತಾರೆ ಮೊದಲು,
ಆಮೇಲೆ ಬೆರಳು ಮಡಿಚಿ ಲೆಕ್ಕ ಹಾಕಿ
ಅವರೂರಿನ ಎರಡು ಕಾಫಿಯ ದುಡ್ಡೆಂದು ನಗುತ್ತಾರೆ.

ನಾನು ಖ್ವೆ. ರಾತ್ರಿ ಪಾಳಿ.
ಪಾಸ್‌ಪೋರ್ಟು ಇಸಕೊಂಡು ದಿಂಬಿನ ಗವಸು ಕೊಡುವುದು,
ಚಪ್ಪಲಿ ಹೊರಗೆ ಎಂದು ನಾಲ್ಕು ಭಾಷೆಯಲ್ಲಿ ಹೇಳುವುದು,
ಹತ್ತಾದ ಮೇಲೆ ಓಣಿಯ ಸ್ಕೂಟರುಗಳನ್ನೆಲ್ಲ
ಪಡಸಾಲೆಗೆ ತಂದು, ಮೈಗೆ ಮೈ ತಾಗಿಸಿ, ಕಟ್ಟಿಹಾಕುವುದು.

ಮನೆ ಸೆನ್ ಅಜ್ಜಿಯದು.
ಮಹಡಿಯಲ್ಲಿ ಪರದೇಶದವರು, ಒಬ್ಬರ ಮೇಲೊಬ್ಬರು.
ಕೆಳಗೆ, ಸ್ಕೂಟರುಗಳ ನೆತ್ತಿಗೆ ಸರಿಯಾಗಿ, ಅವಳ ಹಿರಿಯರ ಪೀಠ:
ಗಂಡ, ಅತ್ತೆ,
ಮತ್ತೊಂದು ಖಾಲಿ ಚೌಕಟ್ಟು.
ಅದು ಮೈದುನ ತ್ವಾನ್. ಹತ್ತೊಂಬತ್ತಕ್ಕೆ ಹೋದವನು.
ಫೋಟೊ ತೆಗೆಸಿಕೊಳ್ಳಲು ಪುರುಸೊತ್ತು ಯಾರಿಗಿತ್ತು ಆಗ.
ಯಾವ ಕಡೆಯ ಸೈನ್ಯವೆಂದು
ಅವಳು ಹೇಳಿಲ್ಲ, ನಾನು ಕೇಳಿಲ್ಲ.

ಮೆಟ್ಟಿಲ ಪಕ್ಕದ ಗೋಡೆಯಲ್ಲಿ ಪೆನ್ಸಿಲ್ ಗೆರೆಗಳು.
ಮಕ್ಕಳ ಎತ್ತರವೇ? ಕೇಳಿದಳು ಪೋಲೆಂಡಿನ ಬೊಗ್ನಾ.
ಅಲ್ಲ, ನದಿಯದು.
ಬಂದು, ನಿಂತು, ಹೋದದ್ದರ ಗುರುತು.
ತೊಂಬತ್ತೊಂಬತ್ತರ ಗೆರೆಗೆ
ನನ್ನ ಕೈ ಎಟುಕುವುದಿಲ್ಲ.

ಈ ಸಲ ನೀರು ಬಾಗಿಲಿಂದ ಬರಲಿಲ್ಲ,
ಬಚ್ಚಲಿಂದ ಬಂತು, ಕಳ್ಳನ ಹಾಗೆ.
ಎರಡೂವರೆಯ ಹೊತ್ತು.
ಅಜ್ಜಿ ಕೂಗಲಿಲ್ಲ. ಮಹಡಿಯ ದೀಪ ಹಾಕಿದಳು ಅಷ್ಟೆ.
ಎದ್ದರು ಎಲ್ಲರೂ, ಚಡ್ಡಿಯವರು, ಲುಂಗಿಯಂಥದ್ದು ಸುತ್ತಿದವರು,
ಕಿವಿಯ ಹತ್ತಿ ಕೀಳುತ್ತ ಬಂದವರು.
ಅಕ್ಕಿಮೂಟೆ ಹೋಯಿತು ಮೇಲೆ, ಫ್ರಿಜ್ಜು ಹೋಯಿತು,
ಪಾಸ್‌ಪೋರ್ಟಿನ ಡಬ್ಬ ನನ್ನ ಕಂಕುಳಲ್ಲಿ.
ಊದುಬತ್ತಿಯ ಬೋಗುಣಿಯನ್ನು
ಉರುಗ್ವೆಯ ಗಸ್ಪಾರ್ ಎರಡೂ ಕೈಯಲ್ಲಿ ಹಿಡಿದು
ತುಂಬಿದ ಚಹಾದಂತೆ ಹತ್ತಿಸಿದ.
ಒಂದು ಚಿಟಿಕೆ ಬೂದಿಯೂ ಚೆಲ್ಲಕೂಡದು, ಅಂದಿದ್ದಳು ಅಜ್ಜಿ,
ಅವನಿಗೆ ಬಾರದ ಭಾಷೆಯಲ್ಲಿ.

ಹಿರಿಯರ ಮೇಲೆ ಯಾರೂ ಮಲಗುವಂತಿಲ್ಲ.
ಹಾಗಾಗಿ ಮೇಲಿನ ಮಂಚ. ಎಂಟನೆಯದು, ಗಸ್ಪಾರನದೇ.
ಅವನು ನೆಲಕ್ಕೆ ಚೀಲ ಹಾಸಿದ.
ಅತ್ತ ಕಾಲು ಚಾಚಬೇಡಿ ಎಂದು ಅವಳು ಸನ್ನೆ ಮಾಡಿದ್ದೇ
ಒಂಬತ್ತು ದಿಂಬುಗಳು ತಲೆಯಿಂದ ಕಾಲಿಗೆ ಬಂದವು,
ಸದ್ದಿಲ್ಲದೆ, ಗದ್ದೆಯಲ್ಲಿ ಕೊಕ್ಕರೆಗಳು ತಿರುಗಿ ಕೂತಂತೆ.
ಧೂಮಪಾನ ನಿಷೇಧ, ನಾನೇ ಅಂಟಿಸಿದ ಚೀಟಿ.
ಅದರ ಕೆಳಗೇ ಮೂರು ಊದುಬತ್ತಿ ಹಚ್ಚಿದಳು.
ನಾನು ಕುರ್ಚಿ ಹತ್ತಿ
ಹೊಗೆಗಂಟೆಯ ಬ್ಯಾಟರಿ ಕಿತ್ತೆ.

ಕತ್ತಲಲ್ಲಿ ಬೊಗ್ನಾ, ಪಿಸುಮಾತಿನಲ್ಲಿ:
ಆ ಖಾಲಿ ಚೌಕಟ್ಟು ಯಾರು?
ನನ್ನ ಇಂಗ್ಲಿಷು ಈ ಮೇಜಿನ ಹಿಂದೆ ಕಲಿತದ್ದು.
ಬಂದರು, ಹೋದರು, ಬಾಕಿ ಇದೆ,
ಇಷ್ಟೇ ಅದರ ಬಂಡವಾಳ.
ಬುಕ್ ಆಗಿದೆ, ಅಂದೆ.
ಇನ್ನೂ ಬಂದಿಲ್ಲ.
ಅವಳು ಮತ್ತೇನೂ ಕೇಳಲಿಲ್ಲ.
ಕೆಳಗೆ ಸ್ಕೂಟರುಗಳು ಒಂದಕ್ಕೊಂದು ಮೆಲ್ಲಗೆ ತಾಗುತ್ತಿದ್ದವು.

ಬೆಳಿಗ್ಗೆ ಪೊಲೀಸರ ರಿಜಿಸ್ಟರು ತುಂಬಿಸುತ್ತ ಕೂತೆ, ನಾಲ್ಕನೇ ಮೆಟ್ಟಿಲಲ್ಲಿ.
ಯಾಕೋ ಬರೆದೆ:
ಮಂಚ ಎಂಟು, ಮೇಲಿನದು. ಮೂವರು.
ಪಾಸ್‌ಪೋರ್ಟು ಸಂಖ್ಯೆ, ಅಡ್ಡಗೆರೆ.
ಎಲ್ಲಿಂದ, ಅಡ್ಡಗೆರೆ.
ಹೊರಡುವ ದಿನ, ಕೈ ತಡೆಯಿತು.
ಬೆನ್ನ ಹಿಂದೆ ನಿಂತಿದ್ದ ಅಜ್ಜಿ, ಕನ್ನಡಕವಿಲ್ಲದೆಯೂ ಓದಬಲ್ಲವಳು,
ಸೆರಗಿಲ್ಲದ ಅಂಗಿಯ ಒಳಜೇಬಿಂದ ಒದ್ದೆ ನೋಟು ತೆಗೆದು
ಎಣಿಸಿ ಕೊಟ್ಟಳು. ಒಬ್ಬರದೇ ಬಾಡಿಗೆ.
ಮೂವರೂ ಸಣಕಲು, ಅಂದಳು. ಒಂದು ಮಂಚ ಸಾಕಾಯಿತು.

ಅಷ್ಟರಲ್ಲಿ ನೀರು ಇಳಿಯತೊಡಗಿತ್ತು.
ಇಳಿವ ನೀರಲ್ಲೇ ಗುಡಿಸಬೇಕು,
ಕೆಸರು ಕೂತರೆ ಏಳುವುದಿಲ್ಲ, ಊರಿಗೆಲ್ಲ ಗೊತ್ತು ಇದು.
ಇದ್ದದ್ದು ಪೊರಕೆ ನಾಲ್ಕು.
ಗಸ್ಪಾರ್ ತಟ್ಟೆಯಲ್ಲಿ ತಳ್ಳಿದ, ಬೊಗ್ನಾ ನಕಾಶೆಯ ಪುಸ್ತಕದಲ್ಲಿ,
ಕೋಟೆ ನೋಡಲು ಬಂದವರು, ನೋಡದೆಯೇ,
ಬಾಗಿಲಾಚೆಗೆ, ಓಣಿಯಾಚೆಗೆ,
ಇನ್ನೂ ಆಚೆಗೆ.