ಹಿಂಬರಹ

ಅರ್ಜಿಗೆ ಹತ್ತು ರೂಪಾಯಿ, ಪೋಸ್ಟಲ್ ಆರ್ಡರೇ ಆಗಬೇಕು ಅಂದರು.
ಅಂಚೆ ಕಚೇರಿಯಲ್ಲಿ ಹತ್ತರದ್ದು ಮುಗಿದಿತ್ತು.
ಮಂಗಳವಾರ ಮತ್ತೆ ಹೋದೆ, ಸಿಕ್ಕಿತು.

ವಿಷಯ: ಎಂಬತ್ತೇಳರಿಂದ ತೊಂಬತ್ನಾಲ್ಕರ ತನಕ
ಸಾಗರ ಪುರಸಭೆಯ ದಿನಗೂಲಿ ಹಾಜರಿ ಪುಸ್ತಕ.
ಕಾರಣ ಬರೆಯಬೇಕಿಲ್ಲವಂತೆ. ಆದರೂ ಬರೆದೆ:
ನನ್ನವ್ವ ಗುತ್ಯಮ್ಮ ಜೋಗದ ರಸ್ತೆ ಗುಡಿಸಿದ್ದಳು
ಎಂಬುದಕ್ಕೆ ಕಾಗದ ಬೇಕು.
ರಸ್ತೆ ಇದೆ. ಅವ್ವ ಇದ್ದಾಳೆ. ಬಾಗಿದ ಬೆನ್ನಿದೆ.
ಇವು ಯಾವುವೂ ದಾಖಲೆಯಲ್ಲ.

ಇಪ್ಪತ್ತೊಂಬತ್ತನೇ ದಿನ ಹಿಂಬರಹ ಬಂತು,
ಒಂದೇ ಸಾಲು:
ಕೋರಿದ ಕಡತ ಲಭ್ಯವಿರುವುದಿಲ್ಲ.
ಇರುವುದು, ಇಲ್ಲ, ಎರಡೂ ಒಂದೇ ಪದದಲ್ಲಿ.
ಮೊದಲಿನ ಅರ್ಧ ಹಿಡಿದುಕೊಂಡು ಮತ್ತೆ ಹೋದೆ.

ರೆಕಾರ್ಡ್ ರೂಮಿನ ಬೀಗದಕೈ ದ್ಯಾವಪ್ಪನ ಸೊಂಟದಲ್ಲಿ.
ನಿವೃತ್ತಿಗೆ ಏಳು ತಿಂಗಳು.
ನನ್ನ ಹೆಸರು ಕೇಳಲಿಲ್ಲ, ಅವ್ವನದ್ದು ಕೇಳಿದ.
"ಗುತ್ಯಕ್ಕನ ಮಗಳಾ? ಅವಳ ಪೊರಕೆ ಸದ್ದು
ಮೂಲೆ ತಿರುಗಿತು ಅಂದ್ರೆ ನಂಗೆ ಆಫೀಸಿಗೆ ತಡ ಆಯ್ತು ಅಂತ ಲೆಕ್ಕ."
ಅದನ್ನೇ ಬರೆದುಕೊಡಿ ಅಂದೆ.
ನಕ್ಕ. ಬರೆದುಕೊಡಲಿಲ್ಲ.
ಬೀಗ ತೆಗೆದ.

ಒಳಗೆ ಕೆಂಪು ಬಟ್ಟೆಯ ಗಂಟುಗಳು.
ಮನೆ ಕಂದಾಯ, ನಲ್ಲಿ ಕಂದಾಯ, ನಾಯಿ ಪರವಾನಗಿ.
ಎಂಬತ್ತೊಂಬತ್ತರಲ್ಲಿ ಈ ಊರಿನ ಹನ್ನೊಂದು ನಾಯಿಗಳಿಗೆ
ಹೆಸರು, ಬಣ್ಣ, ಮಾಲೀಕರ ಸಹಿ ಸಮೇತ ಒಂದು ಪುಟವಿದೆ.
ಅದರ ಕೆಳಗಿನ ಗಂಟಿನಲ್ಲಿ ನಮ್ಮ ಪುಸ್ತಕ,
ಅಂಚನ್ನು ಗೆದ್ದಲು ಓದಿ ಮುಗಿಸಿತ್ತು.
ಹೆಣ್ಣಾಳು ೧. ಹೆಣ್ಣಾಳು ೨. ಹೆಣ್ಣಾಳು ೩.
ಎದುರಿಗೆ ನೇರಳೆ ಶಾಯಿಯ ಹೆಬ್ಬೆಟ್ಟು.

ಅವ್ವನ ಎಡ ಹೆಬ್ಬೆಟ್ಟಿನಲ್ಲಿ ಓರೆಯಾಗಿ ಒಂದು ಗೆರೆ,
ಬಸ್ ಸ್ಟ್ಯಾಂಡಿನ ಚರಂಡಿಯಲ್ಲಿ ಸೋಡಾ ಬಾಟಲಿಯ ಚೂರು ಕೊಯ್ದದ್ದು.
ಕಿಟಕಿಗೆ ಹಿಡಿದು ಹುಡುಕಿದೆ.
ಮೂರನೇ ಆಳು.
ದಿನ ಬಿಡದೆ, ಬೆರಳ ಸುಳಿಯ ಮೇಲೆ
ಯಾರೋ ಹೊಡೆದುಹಾಕಿದಂತೆ ಆ ಗೆರೆ.
ಒಂದು ಆಗಸ್ಟಿನಲ್ಲಿ ಮಾತ್ರ ಹದಿನೈದು ದಿನ ಕಾಣಲಿಲ್ಲ.
ಶಾಯಿ ಜಾಸ್ತಿಯಾಗಿರಬೇಕು ಅಂದುಕೊಂಡೆ.

ದೃಢೀಕೃತ ನಕಲು, ಪುಟಕ್ಕೆ ಎರಡು ರೂಪಾಯಿ.
ಜೆರಾಕ್ಸಿನಲ್ಲಿ ಹೆಬ್ಬೆಟ್ಟು ಕರಿ ಬೊಟ್ಟಾಯಿತು,
ಗೆರೆ ಮಾಯ.
ಮೂವರು ಹೆಂಗಸರೂ ಒಂದೇ ಥರ.
ಕೆಳಗೆ ದುಂಡು ಮೊಹರು: ಮೂಲದಂತಿದೆ.

ಮನೆಯಲ್ಲಿ ಅವ್ವ ಹಾಳೆಗಳನ್ನು ತಲೆಕೆಳಗು ಹಿಡಿದು ನೋಡಿದಳು.
"ಇಷ್ಟಕ್ಕೆ ಎಷ್ಟು ಕೊಟ್ಟೆ?"
ನಾನು ಆಗಸ್ಟಿನ ಮಾತೆತ್ತಿದೆ.
ಸುಮ್ಮನಾದಳು. ಆಮೇಲೆ,
"ನೀ ಹುಟ್ಟಿ ನಾಕು ದಿನ ಆಗ. ನಾ ಎಲ್ಲಿ ಹೋಗಲಿ?
ಹಾಲಮ್ಮ ತಂದೂ ಒತ್ತಿ ನಂದೂ ಒತ್ತಿದ್ಳು.
ಬರೀ ಒತ್ತಲಿಲ್ಲ ಮತ್ತೆ, ಎರಡೂ ರಸ್ತೆ ಗುಡಿಸಿದ್ಳು."

ಹಾಲಮ್ಮ ಎಷ್ಟನೇ ಆಳು?
"ನನ್ನ ಮೇಲಿನೋಳು."
ಸತ್ತು ಹನ್ನೆರಡು ವರ್ಷ.
ಮಗಳು ಆನಂದಪುರದಲ್ಲಿ ರವಿಕೆ ಹೊಲಿಯುತ್ತಾಳೆ,
ಎರಡನೇ ಸಾಲಿನಲ್ಲಿ ತನ್ನವ್ವ ಇನ್ನೂ ನೇರಳೆಯಾಗಿ
ಕೂತಿರುವುದು ಅವಳಿಗೆ ಗೊತ್ತಿಲ್ಲ.

ಇವತ್ತು ಎರಡು ಪೋಸ್ಟಲ್ ಆರ್ಡರ್ ಕೊಂಡೆ.
ಒಂದು, ಮೂಲ ಪುಸ್ತಕವನ್ನು ಅಧಿಕಾರಿ ಕಣ್ಣಾರೆ ನೋಡಲೆಂದು ನನ್ನ ಕೋರಿಕೆಗೆ.
ಇನ್ನೊಂದರ ಅರ್ಜಿಯಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ,
ಆನಂದಪುರದ ಬಸ್ಸು ಹನ್ನೊಂದೂಕಾಲಿಗೆ.

ಹೊರಡುವಾಗ ಅವ್ವ ಹೊಸ್ತಿಲಲ್ಲಿ ನಿಂತು ಹೇಳಿದಳು:
ಆ ಹದಿನೈದು ದಿನ ನನ್ನ ಲೆಕ್ಕಕ್ಕೆ ಸೇರಿಸಬೇಡ,
ಅವು ಹಾಲಮ್ಮನವು.
ಅದಕ್ಕೆ ಯಾವ ನಮೂನೆ ತುಂಬಬೇಕೋ
ದ್ಯಾವಪ್ಪನನ್ನೇ ಕೇಳಬೇಕು,
ಏಳು ತಿಂಗಳೊಳಗೆ.